ವಾಲ್ವ್ ಟೈಮಿಂಗ್ ಬದಲಿಸುವ ಎಂಜಿನ್‌ಗೆ ಯಾವ ಇಸಿಯು ಕೊಳ್ಳಬೇಕು? ಹಳೆಯ ಅಕಾರ್ಡ್ 2.4ರ ಎಂಜಿನ್ ಕುರಿತು

ಮೈಸೂರು ಬಗ್ಗಿ

ಎಲ್ಲರಿಗೂ ನಮಸ್ಕಾರ. ನಾವು ಮೂವರು ಸ್ನೇಹಿತರು ಸೇರಿ ಮೈಸೂರಿನಲ್ಲಿ ಉಕ್ಕಿನ ಕೊಳವೆಗಳನ್ನು ಬೆಸೆದು, ಹಿಂಬದಿಯಲ್ಲಿ ಎಂಜಿನ್ ಇರುವ ಒಂದು ಸಣ್ಣ ಗಾಡಿಯನ್ನು ಕಟ್ಟುತ್ತಿದ್ದೇವೆ. ಇದು ರಸ್ತೆಗೆ ಇಳಿಯುವ ಗಾಡಿಯಲ್ಲ. ಶಂಕುಗಳ ನಡುವೆ ಓಡಿಸುವ ಆಟೋಕ್ರಾಸ್‌ಗೂ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೂ ಟ್ರೈಲರ್ ಮೇಲೆ ಹೇರಿಕೊಂಡು ಹೋಗುವ ಉದ್ದೇಶವಿದೆ. ಅಪಘಾತವಾದ ಏಳನೇ ತಲೆಮಾರಿನ ಹೋಂಡಾ ಅಕಾರ್ಡ್‌ನಿಂದ ತೆಗೆದ 2.4 ಲೀಟರ್ ಕೆ24ಎ ಎಂಜಿನ್ ನಮಗೆ ಸಿಕ್ಕಿದೆ. ಥ್ರಾಟಲ್ ಕೇಬಲ್‌ನದು. ಮೂಲ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನದು, ಅದರ ಕೀಲಿಯೂ ನಮ್ಮ ಕೈಗೆ ಬಂದಿಲ್ಲ. ಆದ್ದರಿಂದ ಸರಿಯಾದ ಕೀಲಿಯಿಲ್ಲದೆ ಎಂಜಿನ್ ಶುರುವಾಗಲು ಬಿಡದ ಇಮ್ಮೊಬಿಲೈಸರ್‌ನೊಡನೆ ಹೆಣಗಾಡುವ ಬದಲು ಹೊಸ ಇಸಿಯು ಕೊಳ್ಳುವುದೆಂದು ತೀರ್ಮಾನಿಸಿದ್ದೇವೆ.

ಪರಿಚಿತರೊಬ್ಬರು ಒಂದು ಸಣ್ಣ ಬೋರ್ಡನ್ನು ಕಡಿಮೆ ಬೆಲೆಗೆ ಕೊಡಲು ಒಪ್ಪಿದ್ದಾರೆ. ಅದಕ್ಕೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಸೆನ್ಸರ್‌ಗೆ ಒಂದು ಮತ್ತು ಕ್ಯಾಮ್ (ವಾಲ್ವ್‌ಗಳನ್ನು ತೆರೆಯುವ ದಂಡ) ಸೆನ್ಸರ್‌ಗೆ ಒಂದು, ಹೀಗೆ ಎರಡು ಇನ್‌ಪುಟ್‌ಗಳಿವೆ. ‘ವಿವಿಟಿ ಸೌಲಭ್ಯವಿದೆ’, ಅಂದರೆ ವಾಲ್ವ್ ಟೈಮಿಂಗ್ ಬದಲಿಸಬಲ್ಲದು ಎಂದು ಅದರ ವಿವರಣೆಯಲ್ಲಿ ಬರೆದಿದೆ. ಮುಂಗಡ ಕೊಡುವ ಮೊದಲು ತಿಳಿದವರನ್ನು ಕೇಳೋಣವೆಂದು ಬರೆಯುತ್ತಿದ್ದೇನೆ. ಇಷ್ಟು ಸಾಕಾಗುತ್ತದೆಯೇ?

ಹುಬ್ಬಳ್ಳಿ ಗ್ಯಾರೇಜು

ಮುಂಗಡ ಕೊಡದೆ ಕೇಳಿದ್ದು ಒಳ್ಳೆಯದಾಯಿತು. ಬೋರ್ಡಿನ ಮಾತಿಗೆ ಮೊದಲು ಎಂಜಿನ್‌ನ ಒಳಗೆ ಏನಿದೆ ಎಂಬುದನ್ನು ತಿಳಿದುಕೊಳ್ಳಿ, ಏಕೆಂದರೆ ಹೋಂಡಾ ಎಂಜಿನ್‌ಗಳ ಮುಚ್ಚಳದ ಮೇಲಿನ ‘ಐ-ವಿಟೆಕ್’ ಎಂಬ ಹೆಸರು ನಮ್ಮಂಥ ಮೆಕ್ಯಾನಿಕ್‌ಗಳನ್ನೇ ಹಲವು ಬಾರಿ ದಾರಿ ತಪ್ಪಿಸಿದೆ. 2006ರಲ್ಲಿ ನಮ್ಮಲ್ಲಿಗೆ ಬಂದ ಸಿವಿಕ್‌ನ ಆರ್18 ಎಂಜಿನ್ ಮೇಲೂ ಅದೇ ಹೆಸರಿದೆ, 2008ರ ಸಿಟಿಯ ಎಲ್15 ಎಂಜಿನ್ ಮೇಲೂ ಅದೇ ಹೆಸರಿದೆ. ಆದರೆ ಅವೆರಡರಲ್ಲೂ ಇರುವುದು ವಿಟೆಕ್ ಮಾತ್ರ: ಎಣ್ಣೆಯ ಒತ್ತಡದಿಂದ ಒಂದು ಪಿನ್ನು ಸರಿದು, ವಾಲ್ವನ್ನು ಒತ್ತುವ ರಾಕರ್ ಒಂದು ಕ್ಯಾಮ್ ಉಬ್ಬಿನಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಅದು ಲೈಟಿನ ಸ್ವಿಚ್ಚಿನ ಹಾಗೆ, ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಅಂಥ ಎಂಜಿನ್‌ಗೆ ಇಸಿಯುವಿನಿಂದ ಒಂದು ಆನ್-ಆಫ್ ಔಟ್‌ಪುಟ್ ಸಿಕ್ಕರೆ ಸಾಕು.

ನಿಮ್ಮ ಕೆ24ಎ ಸೇರಿದ ಕೆ ಸರಣಿ ಬೇರೆ. ಅದರಲ್ಲಿ ವಿಟೆಕ್ ಜೊತೆಗೆ ವಿಟಿಸಿ ಎಂಬ ಎರಡನೆಯ ವ್ಯವಸ್ಥೆಯೂ ಇದೆ. ಇನ್‌ಟೇಕ್ (ಗಾಳಿಯನ್ನು ಒಳಬಿಡುವ ವಾಲ್ವ್‌ಗಳ) ಕ್ಯಾಮ್‌ಶಾಫ್ಟ್‌ನ ತುದಿಯ ಗೇರಿನೊಳಗೆ ಎಣ್ಣೆಯ ಕೋಣೆಗಳಿರುತ್ತವೆ. ಎಣ್ಣೆ ಯಾವ ಕಡೆಯ ಕೋಣೆಗೆ ನುಗ್ಗುತ್ತದೆಯೋ ಅದಕ್ಕೆ ತಕ್ಕಂತೆ ಇಡೀ ಕ್ಯಾಮ್‌ಶಾಫ್ಟ್ ಚೈನಿಗೆ ಹೋಲಿಸಿದರೆ ಮುಂದಕ್ಕೋ ಹಿಂದಕ್ಕೋ ತಿರುಗುತ್ತದೆ. ಈ ಸರಣಿಯಲ್ಲಿ ಕ್ರ್ಯಾಂಕ್ ಲೆಕ್ಕದಲ್ಲಿ ಗರಿಷ್ಠ 50 ಡಿಗ್ರಿಯವರೆಗೂ ತಿರುಗುವ ಎಂಜಿನ್‌ಗಳಿವೆ. ಇಲ್ಲಿ ಆನ್-ಆಫ್ ನಡೆಯುವುದಿಲ್ಲ. 17 ಡಿಗ್ರಿ ಬೇಕೆಂದರೆ ಹದಿನೇಳಕ್ಕೇ ತಂದು ನಿಲ್ಲಿಸಿ, ಕೆಳಗಿನಿಂದ ಎಣ್ಣೆಯ ಒತ್ತಡ ಏರಿಳಿದರೂ ಅಲ್ಲೇ ಹಿಡಿದಿರಬೇಕು. ನಿಮ್ಮ ಪ್ರಶ್ನೆಯ ತೂಕವೆಲ್ಲ ಈ ‘ಹಿಡಿದಿರಬೇಕು’ ಎಂಬುದರ ಮೇಲೆ ನಿಂತಿದೆ.

ಸರ್ಕ್ಯೂಟ್ ಬೆಂಗಳೂರು

ಹುಬ್ಬಳ್ಳಿಯವರು ಹೇಳಿದ ‘ಹಿಡಿದಿರುವ’ ಕೆಲಸಕ್ಕೆ ಇಸಿಯುವಿನಲ್ಲಿ ಏನೇನಿರಬೇಕು ಎಂಬುದನ್ನು ಎಲೆಕ್ಟ್ರಾನಿಕ್ಸ್ ಕಡೆಯಿಂದ ವಿವರಿಸುತ್ತೇನೆ.

ಕ್ಯಾಮ್ ಎಷ್ಟು ತಿರುಗಿದೆ ಎಂಬುದನ್ನು ಅಳೆಯದೆ ಅದನ್ನು ಹಿಡಿದಿಡಲು ಆಗುವುದಿಲ್ಲ. ನಿಮ್ಮ ಎಂಜಿನ್‌ನಲ್ಲಿ ಹಲ್ಲು ಎದುರಿಗೆ ಬಂದಾಗ ಸಂಕೇತ ಕೊಡುವ ಮೂರು ಹಾಲ್ ಸೆನ್ಸರ್‌ಗಳಿವೆ. ಕ್ರ್ಯಾಂಕ್ ಚಕ್ರದಲ್ಲಿ 12 ಹಲ್ಲುಗಳು ಸಮಾನ ಅಂತರದಲ್ಲಿದ್ದು, ಗುರುತಿಗೆ ಇನ್ನೊಂದು ಹಲ್ಲು ಹೆಚ್ಚಾಗಿ ಇರುತ್ತದೆ. ಎಕ್ಸಾಸ್ಟ್ (ಸುಟ್ಟ ಅನಿಲ ಹೊರಬಿಡುವ ವಾಲ್ವ್‌ಗಳ) ಕ್ಯಾಮ್‌ನ ಚಕ್ರದಲ್ಲಿ ನಾಲ್ಕು ಹಲ್ಲುಗಳ ಜೊತೆಗೆ ಒಂದು ಗುರುತಿನ ಹಲ್ಲು ಇರುತ್ತದೆ. ಇನ್‌ಟೇಕ್ ಕ್ಯಾಮ್‌ನಲ್ಲಿ ಸಮಾನ ಅಂತರದ ನಾಲ್ಕು ಹಲ್ಲುಗಳು ಮಾತ್ರ. ಕ್ಯಾಮ್ ತಿರುಗಿದ ಕೋನವನ್ನು ತಿಳಿಯಲು ಈ ಇನ್‌ಟೇಕ್ ಚಕ್ರ ಬೇಕೇ ಬೇಕು; ಆದರೆ ಅದರ ಹಲ್ಲುಗಳೆಲ್ಲ ಒಂದೇ ತೆರನಾಗಿರುವುದರಿಂದ, ಈಗ ಒಂದನೇ ಸಿಲಿಂಡರ್ ಉರಿಯುವ ಸರದಿಯೋ ನಾಲ್ಕನೆಯದೋ ಎಂಬುದು ಅದರಿಂದ ತಿಳಿಯುವುದಿಲ್ಲ. ಅದನ್ನು ಹೇಳಬಲ್ಲದ್ದು ಎಕ್ಸಾಸ್ಟ್ ಕ್ಯಾಮ್‌ನ ಗುರುತಿನ ಹಲ್ಲು. ಹೀಗಾಗಿ ಪ್ರತಿ ಸಿಲಿಂಡರ್‌ಗೂ ಅದರದೇ ಹೊತ್ತಿಗೆ ಪೆಟ್ರೋಲ್ ಮತ್ತು ಕಿಡಿ ಕೊಡುತ್ತ, ವಿಟಿಸಿಯನ್ನೂ ನಡೆಸಬೇಕೆಂದರೆ ಮೂರು ಇನ್‌ಪುಟ್‌ಗಳು ಬೇಕು. ನೀವು ನೋಡಿರುವ ಬೋರ್ಡಿನಲ್ಲಿ ಎರಡೇ ಇವೆ. ಅದರ ಮೇಲೆ ಬರೆದಿರುವ ‘ವಿವಿಟಿ ಸೌಲಭ್ಯ’ ಸುಳ್ಳಲ್ಲದಿರಬಹುದು, ಆದರೆ ಅದು ಬೇರೊಂದು ಎಂಜಿನ್‌ಗೆ ಹೊಂದುವ ಸತ್ಯ. ಎರಡನೆಯ ತಲೆಮಾರಿನ ಮಾಜ್ದಾ ಎಂಎಕ್ಸ್-5ರ ವಿವಿಟಿ ಇರುವ ಎಂಜಿನ್‌ನಲ್ಲಿ ತಿರುಗುವ ಕ್ಯಾಮ್‌ನ ಒಂದೇ ಸೆನ್ಸರ್ ಎರಡೂ ಕೆಲಸವನ್ನು ಮಾಡುತ್ತದೆ. ಅಲ್ಲಿ ಎರಡು ಇನ್‌ಪುಟ್ ಸಾಕು.

ಎರಡನೆಯ ವಿಷಯ ಔಟ್‌ಪುಟ್. ವಿಟಿಸಿಯ ಎಣ್ಣೆ ನಿಯಂತ್ರಣ ಸೊಲೆನಾಯ್ಡ್‌ನ (ಕರೆಂಟಿನ ಸುರುಳಿಯಿಂದ ನಡೆಯುವ ವಾಲ್ವ್) ರೆಸಿಸ್ಟೆನ್ಸ್ ಸುಮಾರು 7.5 ಓಮ್, 14 ವೋಲ್ಟ್‌ನಲ್ಲಿ ಹತ್ತಿರಹತ್ತಿರ 2 ಆಂಪಿಯರ್ ಕರೆಂಟ್ ಎಳೆಯುತ್ತದೆ. ಇದಕ್ಕೆ ಕರೆಂಟನ್ನು ಸೆಕೆಂಡಿಗೆ ನೂರಾರು ಬಾರಿ ಕಡಿದು ಕೊಡಬೇಕು. ಇಂಥ ಸೊಲೆನಾಯ್ಡ್‌ಗಳಿಗೆ ಸಾಮಾನ್ಯವಾಗಿ 100ರಿಂದ 300 ಹರ್ಟ್ಸ್ ಬಳಸುತ್ತಾರೆ. ಪ್ರತಿ ಬಾರಿ ಕಡಿದಾಗಲೂ ಸುರುಳಿಯಲ್ಲಿ ಉಳಿದ ಕರೆಂಟ್ ಹರಿದುಹೋಗಲು ಡಯೋಡ್‌ನ ದಾರಿ ಇರಬೇಕು, ಇಲ್ಲದಿದ್ದರೆ ಡ್ರೈವರ್ ಚಿಪ್ ಬಿಸಿಯಾಗಿ ಸುಟ್ಟೀತು. ಟ್ಯಾಕೋಮೀಟರ್‌ಗೋ ಫ್ಯಾನ್ ರಿಲೇಗೋ ಇಟ್ಟ ಔಟ್‌ಪುಟ್ಟನ್ನು ಇದಕ್ಕೆ ಜೋಡಿಸಬೇಡಿ.

ವಿಟೆಕ್ ಸೊಲೆನಾಯ್ಡ್‌ನದು ಬೇರೆಯದೇ ಸಮಸ್ಯೆ. ಅದಕ್ಕೆ ಒಂದೇ ತಂತಿ; ಅದರ ಅರ್ಥಿಂಗ್ ಎಂಜಿನ್‌ನ ಲೋಹದ ಮೂಲಕವೇ ಆಗುತ್ತದೆ. ಹೆಚ್ಚಿನ ಬೋರ್ಡುಗಳು ತಂತಿಯನ್ನು ಅರ್ಥ್‌ಗೆ ಎಳೆಯಬಲ್ಲವೇ ಹೊರತು 12 ವೋಲ್ಟ್ ಕೊಡಲಾರವು. ಆದ್ದರಿಂದ ವಿಟೆಕ್‌ಗೆ ನಡುವೆ ಒಂದು ರಿಲೇ ಹಾಕಿಕೊಳ್ಳಿ. ಅದು ಆನ್-ಆಫ್ ಆಗಿರುವುದರಿಂದ ರಿಲೇ ಸಾಕು; ವಿಟಿಸಿಗೆ ಮಾತ್ರ ರಿಲೇ ಎಂದಿಗೂ ಸಲ್ಲದು.

ಚಿಕ್ಕಮಗಳೂರು ರ್ಯಾಲಿ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಇಷ್ಟೆಲ್ಲ ಏಕೆ? ಕ್ಯಾಮ್ ಗೇರನ್ನು ಒಂದು ಕೋನಕ್ಕೆ ಗಟ್ಟಿಯಾಗಿ ಬಂಧಿಸಿ, ವಿಟಿಸಿಯ ಗೊಡವೆಯನ್ನೇ ಬಿಟ್ಟುಬಿಡಿ. ನಾನು ಕಾಫಿ ತೋಟದ ಮಣ್ಣುದಾರಿಗಳಲ್ಲಿ ಹಲವು ವರ್ಷ ರ್ಯಾಲಿ ಓಡಿಸಿದ್ದೇನೆ. ಅರ್ಧದಾರಿಯಲ್ಲಿ ನಿಂತ ಗಾಡಿಯ ಮುಂದೆ ಐದು ಕುದುರೆಶಕ್ತಿಯ ಲಾಭ ಯಾವ ಲೆಕ್ಕಕ್ಕೂ ಬರುವುದಿಲ್ಲ. ಸೆನ್ಸರ್ ಒಂದು ಕಡಿಮೆಯಾದರೆ ಕೆಡುವ ವಸ್ತುವೂ ಒಂದು ಕಡಿಮೆಯಾಗುತ್ತದೆ, ಮತ್ತು ಇವರ ಎರಡು ಇನ್‌ಪುಟ್‌ನ ಬೋರ್ಡು ಅಷ್ಟಕ್ಕೇ ಸಾಕಾಗುತ್ತದೆ.

ಮೆಲ್ಬರ್ನ್ ಕನ್ನಡಿಗ

ಚಿಕ್ಕಮಗಳೂರಿನ ಸರ್ ಹೇಳಿದ್ದರಲ್ಲಿ ಸತ್ಯವಿದೆ, ಮತ್ತು ಕೆ ಸರಣಿಯ ಕ್ಯಾಮನ್ನು ಬಂಧಿಸಿಯೇ ಓಡಿಸುವ ರೇಸ್ ತಂಡಗಳು ಇಲ್ಲೂ ಇವೆ. ಆದರೆ ಅವರು ಎಂಜಿನ್ ವೇಗವನ್ನು ಹೆಚ್ಚು ಹೊತ್ತು ಮೇಲ್ಮಟ್ಟದಲ್ಲೇ ಇಟ್ಟಿರುತ್ತಾರೆ. ಆಟೋಕ್ರಾಸ್‌ನಲ್ಲಿ ಹಾಗಾಗುವುದಿಲ್ಲ, ಶಂಕುಗಳ ನಡುವೆ ಎರಡನೇ ಗೇರಿನಲ್ಲಿ 2,500ಕ್ಕೆ ಇಳಿದು ಮತ್ತೆ 6,000ಕ್ಕೆ ಏರುತ್ತಲೇ ಇರಬೇಕಾಗುತ್ತದೆ. ಇನ್‌ಟೇಕ್ ಕ್ಯಾಮನ್ನು ಮುಂದಕ್ಕೆ ತಿರುಗಿಸಿದಾಗ ವಾಲ್ವ್ ಬೇಗ ಮುಚ್ಚುತ್ತದೆ. ನಡುವೇಗದಲ್ಲಿ ಒಳಬಂದ ಗಾಳಿ ಮತ್ತೆ ಹಿಂದಕ್ಕೆ ಹೋಗದೆ ಸಿಲಿಂಡರಿನಲ್ಲಿ ಉಳಿಯುತ್ತದೆ. ವೇಗ ಹೆಚ್ಚಾದಂತೆ ಗಾಳಿಗೆ ತನ್ನದೇ ರಭಸ ಬರುವುದರಿಂದ ವಾಲ್ವ್ ಸ್ವಲ್ಪ ತಡವಾಗಿ ಮುಚ್ಚುವುದು ಒಳ್ಳೆಯದು. ಐಡಲ್‌ನಲ್ಲಾದರೋ ಇನ್‌ಟೇಕ್, ಎಕ್ಸಾಸ್ಟ್ ಎರಡೂ ವಾಲ್ವ್‌ಗಳು ಒಟ್ಟಿಗೆ ತೆರೆದಿರುವ ಅವಧಿ ಹೆಚ್ಚಾದರೆ ಸುಟ್ಟ ಅನಿಲ ಒಳಗೆ ನುಗ್ಗಿ ಎಂಜಿನ್ ನಡುಗುತ್ತದೆ. ಒಂದೇ ಕೋನಕ್ಕೆ ಬಂಧಿಸಿದರೆ ಈ ಮೂರರಲ್ಲಿ ಒಂದನ್ನು ಪಡೆದು ಉಳಿದ ಎರಡನ್ನು ಬಿಟ್ಟುಕೊಡಬೇಕಾಗುತ್ತದೆ. ಆದ್ದರಿಂದ ಮೈಸೂರಿನವರ ಗಾಡಿಗೆ ವಿಟಿಸಿ ಇರಲಿ ಎಂಬುದು ನನ್ನ ಮಾತು.

ಇನ್ನು ಆಯ್ಕೆಗಳ ವಿಚಾರ. ಕೆ ಸರಣಿ ಎಂದೊಡನೆ ಎಲ್ಲರೂ ಹೊಂಡಾಟಾ ಕೆ-ಪ್ರೊ ಹೆಸರನ್ನು ಹೇಳುತ್ತಾರೆ, ಮತ್ತು ಅದು ಆ ಗೌರವಕ್ಕೆ ಅರ್ಹವಾದದ್ದೇ. ಪೆಟ್ರೋಲ್ ಮತ್ತು ಇಗ್ನಿಷನ್ ಕೋಷ್ಟಕಗಳನ್ನು ಅದು ಕ್ಯಾಮ್ ಕೋನಕ್ಕೆ ತಕ್ಕಂತೆ, ಸೊನ್ನೆ, ಹತ್ತು, ಇಪ್ಪತ್ತು ಡಿಗ್ರಿ ಎಂದು ಬೇರೆಬೇರೆಯಾಗಿ ಇಟ್ಟುಕೊಳ್ಳುತ್ತದೆ. ಕೋನ ಬದಲಾದರೆ ಸಿಲಿಂಡರ್ ಸೇರುವ ಗಾಳಿಯೂ ಬದಲಾಗುತ್ತದೆಯಲ್ಲವೇ? ಕ್ಯಾಮ್ ಗುರಿಯನ್ನು ಮುಟ್ಟಲು ತಡಮಾಡಿದರೂ ಪೆಟ್ರೋಲ್ ಲೆಕ್ಕ ತಪ್ಪುವುದಿಲ್ಲ. ಆದರೆ ಕೆ-ಪ್ರೊ ಸ್ವತಂತ್ರ ಇಸಿಯು ಅಲ್ಲ. ಅಮೆರಿಕದ ಆರ್‌ಎಸ್‌ಎಕ್ಸ್‌ನಂಥ ಕೆಲವು ಕಾರುಗಳ ಮೂಲ ಇಸಿಯುವಿನೊಳಗೆ ಕೂರಿಸುವ ಹೆಚ್ಚುವರಿ ಬೋರ್ಡು. ಮೈಸೂರಿನಲ್ಲಿ ಕುಳಿತು ಮೊದಲು ಅಂಥ ಇಸಿಯು ಹುಡುಕಿ, ಆಮೇಲೆ ಅದಕ್ಕೆ ಕೆ-ಪ್ರೊ ಹಾಕಿಸುವುದು ಎರಡೆರಡು ಬಾರಿ ಆಮದು ಸುಂಕ ಕಟ್ಟುವ ದಾರಿ.

ಮೆಗಾಸ್ಕ್ವರ್ಟ್ (ಎಂಎಸ್) ಇಸಿಯು ಎಂಬ ಒಂದೇ ಹೆಸರಿನಲ್ಲಿ ಹಲವು ಪೀಳಿಗೆಗಳಿವೆ. ಎಂಎಸ್2 ಕ್ಯಾಮನ್ನು ಬೇಕಾದ ಕೋನದಲ್ಲಿ ಹಿಡಿದಿಡಲಾರದು, ಎಂಎಸ್3 ಹಿಡಿದಿಡಬಲ್ಲದು. ಹಳೆಯದೊಂದು ಅಗ್ಗವಾಗಿ ಸಿಕ್ಕಿತೆಂದು ಎಂಎಸ್2 ಕೊಂಡು ಪರಿತಪಿಸಿದವರನ್ನು ನೋಡಿದ್ದೇನೆ. ಸ್ಪೀಡುಯಿನೊ ಕಲಿಯಲು ಬಹಳ ಒಳ್ಳೆಯ ಯೋಜನೆ, ಅದರಲ್ಲೂ ವಿವಿಟಿ ಇದೆ. ಆದರೆ ಕೋನವನ್ನು ಅಳೆಯುವ ಸೌಲಭ್ಯ ಕೆಲವು ಹಲ್ಲು ವಿನ್ಯಾಸಗಳಿಗೆ ಮಾತ್ರ ಲಭ್ಯ. ಆದ್ದರಿಂದ ನಿಮ್ಮ 12 ಕೂಡಿಸು 1 ಚಕ್ರವನ್ನು ಅದು ಓದುತ್ತದೆಯೇ ಎಂದು ಕೇಳಿದರೆ ಸಾಲದು, ಆ ಚಕ್ರದೊಂದಿಗೇ ಕ್ಯಾಮ್ ಕೋನವನ್ನೂ ಅಳೆಯುತ್ತದೆಯೇ ಎಂದು ಕೇಳಬೇಕು. ರುಸ್‌ಇಎಫ್‌ಐ ತಂತ್ರಾಂಶದಲ್ಲಿ ಕೆ ಸರಣಿಯ ಕ್ರ್ಯಾಂಕ್ ಚಕ್ರಕ್ಕೂ ಎರಡು ಕ್ಯಾಮ್ ಚಕ್ರಗಳಿಗೂ ಸಿದ್ಧ ಆಯ್ಕೆಗಳಿವೆ, ಮತ್ತು ಅದು 32 ಬಿಟ್ ಚಿಪ್ ಮೇಲೆ ನಡೆಯುತ್ತದೆ. ನ್ಯೂಜಿಲೆಂಡಿನ ಲಿಂಕ್, ನಮ್ಮ ಆಸ್ಟ್ರೇಲಿಯಾದ ಹಾಲ್‌ಟೆಕ್ ಮತ್ತು ಮೋಟೆಕ್ ಇವೆಲ್ಲವೂ ಈ ಕೆಲಸವನ್ನು ಚೆನ್ನಾಗಿ ಮಾಡುತ್ತವೆ. ಹಣವಿದ್ದು, ನಿಮ್ಮ ಊರಿನ ಹತ್ತಿರ ಅವುಗಳನ್ನು ಟ್ಯೂನ್ ಮಾಡಬಲ್ಲವರಿದ್ದರೆ ಲಿಂಕ್ ಅಥವಾ ಹಾಲ್‌ಟೆಕ್ ತೆಗೆದುಕೊಳ್ಳಿ. ಕೈಯಾರೆ ಕಲಿಯುವ ಆಸೆಯಿದ್ದರೆ ರುಸ್‌ಇಎಫ್‌ಐ ಅಥವಾ ಎಂಎಸ್3. ಇವೆರಡರಲ್ಲಿ ನಾನು ಮೊದಲನೆಯದನ್ನು ಆರಿಸುತ್ತಿದ್ದೆ, ಏಕೆಂದರೆ ಎಂಎಸ್3ಗೆ ಮೂರನೆಯ ಸೆನ್ಸರ್ ಜೋಡಿಸಲು ಹೆಚ್ಚುವರಿ ಬೆಸುಗೆ ಕೆಲಸ ಬೀಳುವ ಸಂಭವವಿದೆ.

ಮೈಸೂರು ಬಗ್ಗಿ

ಎಲ್ಲರಿಗೂ ಕೃತಜ್ಞತೆಗಳು. ಎರಡು ಇನ್‌ಪುಟ್‌ನ ಬೋರ್ಡನ್ನು ಕೈಬಿಟ್ಟೆವು. ರುಸ್‌ಇಎಫ್‌ಐ ನಡೆಸುವ, ಮೂರು ಹಾಲ್ ಇನ್‌ಪುಟ್ ಇರುವ ಬೋರ್ಡೊಂದನ್ನು ತರಿಸುತ್ತಿದ್ದೇವೆ. ಅದು ಬರುವಷ್ಟರಲ್ಲಿ ಎಂಜಿನ್‌ನಲ್ಲಿ ಏನನ್ನು ಪರೀಕ್ಷಿಸಿಡಬೇಕು?

ಹುಬ್ಬಳ್ಳಿ ಗ್ಯಾರೇಜು

ಎಣ್ಣೆ. ಇಸಿಯು ಎಷ್ಟೇ ಒಳ್ಳೆಯದಾದರೂ ಅದು ತಿರುಗಿಸುವುದು ಎಣ್ಣೆಯನ್ನು. ಕ್ಯಾಮನ್ನು ತಿರುಗಿಸುವುದು ಎಣ್ಣೆಯೇ. ಅಪಘಾತದ ಗಾಡಿ ಎಷ್ಟು ಕಾಲ ನಿಂತಿತ್ತೋ ಯಾರು ಬಲ್ಲರು. ವಿಟಿಸಿ ಸೊಲೆನಾಯ್ಡನ್ನು ಬಿಚ್ಚಿ, ಎಣ್ಣೆಯ ದಾರಿಯಲ್ಲಿರುವ ಸಣ್ಣ ಜಾಲರಿಯನ್ನು ನೋಡಿ. ನಾನು ಬಿಚ್ಚಿದವುಗಳಲ್ಲಿ ಹಲವು, ಎಣ್ಣೆ ಬದಲಿಸದೆ ಓಡಿಸಿದ್ದರಿಂದ ಕಪ್ಪು ಕೆಸರಿನಿಂದ ಮುಚ್ಚಿಹೋಗಿದ್ದವು. ಸೊಲೆನಾಯ್ಡ್‌ಗೆ 12 ವೋಲ್ಟ್ ಕೊಟ್ಟು ಒಳಗಿನ ಸ್ಪೂಲ್ (ಜಾರುವ ಕಡ್ಡಿ) ಸರಾಗವಾಗಿ ಸರಿದು ಮರಳುತ್ತದೆಯೇ ಎಂದು ಕಣ್ಣಾರೆ ನೋಡಿ. ಎಣ್ಣೆಯ ಗ್ರೇಡ್ ಕಂಪನಿ ಹೇಳಿದ್ದೇ ಇರಲಿ. ರೇಸ್‌ಗೆಂದು ದಪ್ಪ ಎಣ್ಣೆ ಸುರಿದರೆ ಬೆಳಗಿನ ಚಳಿಯಲ್ಲಿ ಕ್ಯಾಮ್ ನಿಧಾನವಾಗಿ ತಿರುಗುತ್ತದೆ. ಎಂಜಿನ್ ಬೆಚ್ಚಗಾಗುವವರೆಗೆ ವಿಟಿಸಿಯನ್ನು ಚಾಲೂ ಮಾಡದಂತೆ ಇಸಿಯುವಿನಲ್ಲಿ ಹೊಂದಿಸಿ.

ವಿಟೆಕ್ ಬಳಿ ಎಣ್ಣೆ ಒತ್ತಡದ ಸ್ವಿಚ್ ಇದೆ. ಅದನ್ನು ಬಿಟ್ಟುಬಿಡಬೇಡಿ, ಇಸಿಯುವಿಗೆ ಜೋಡಿಸಿ. ಸೊಲೆನಾಯ್ಡ್‌ಗೆ ಕರೆಂಟ್ ಹೋಯಿತು ಎಂಬುದಕ್ಕೂ ಒತ್ತಡ ಬಂದು ಪಿನ್ನು ಸರಿಯಿತು ಎಂಬುದಕ್ಕೂ ವ್ಯತ್ಯಾಸವಿದೆ. ಅಕಾರ್ಡ್‌ನ ಈ ಎಂಜಿನ್‌ನಲ್ಲಿ ಕಡಿಮೆ ವೇಗದಲ್ಲಿ ಪ್ರತಿ ಸಿಲಿಂಡರ್‌ನ ಒಂದು ಇನ್‌ಟೇಕ್ ವಾಲ್ವ್ ಬಹಳ ಸ್ವಲ್ಪವೇ ತೆರೆಯುತ್ತದೆ. ವಿಟೆಕ್ ಸೇರದೆ ಮೇಲಕ್ಕೆ ಓಡಿಸಿದರೆ ಎಂಜಿನ್ ಕಟ್ಟಿಹಾಕಿದಂತೆ ಆಗುತ್ತದೆ.

ಮೈಸೂರು ಬಗ್ಗಿ

ಮೂರು ತಿಂಗಳ ನಂತರ ಮತ್ತೆ ಬರೆಯುತ್ತಿದ್ದೇನೆ. ಎಂಜಿನ್ ಶುರುವಾಗಿದೆ, ಐಡಲ್ ಚೆನ್ನಾಗಿದೆ. ಜಾಲರಿ ಹುಬ್ಬಳ್ಳಿಯ ಸರ್ ಹೇಳಿದಂತೆಯೇ ಅರ್ಧಕ್ಕರ್ಧ ಮುಚ್ಚಿತ್ತು. ಆದರೆ ಈಗ ನನಗೆ ಅರ್ಥವಾಗದ ಸಂಗತಿಯೊಂದು ಎದುರಾಗಿದೆ. ವಿಟಿಸಿ ಸೊಲೆನಾಯ್ಡ್‌ನ ಪ್ಲಗ್ಗನ್ನೇ ಕಿತ್ತಿಟ್ಟಿದ್ದೇನೆ, ಅಂದರೆ ಕ್ಯಾಮ್ ತನ್ನ ಮೂಲಸ್ಥಾನದಲ್ಲಿ ಪಿನ್ನಿನಿಂದ ಬಂಧಿತವಾಗಿರಬೇಕು. ಆದರೂ ಇಸಿಯು ದಾಖಲಿಸಿದ ಲಾಗ್‌ನಲ್ಲಿ 1,000 ಆರ್‌ಪಿಎಂ ಇದ್ದಾಗ ಸೊನ್ನೆಯ ಹತ್ತಿರವಿದ್ದ ಕೋನ, 6,000ಕ್ಕೆ ಏರಿಸಿದಾಗ 3 ಡಿಗ್ರಿ ಸರಿದಂತೆ ತೋರಿಸುತ್ತದೆ. ಚೈನ್ ಸಡಿಲವಾಗಿದೆಯೇ? ಗೇರ್ ಹಾಳಾಗಿದೆಯೇ? ಎಂಜಿನ್‌ನ ಸಿಲಿಂಡರ್ ಹೆಡ್ ಬಿಚ್ಚಬೇಕೇ?

ಸರ್ಕ್ಯೂಟ್ ಬೆಂಗಳೂರು

ಏನನ್ನೂ ಬಿಚ್ಚಬೇಡಿ. ಪ್ಲಗ್ ಕಿತ್ತು ಪರೀಕ್ಷಿಸಿದ್ದು ತುಂಬ ಸರಿಯಾದ ಕ್ರಮ. ಅದರಿಂದಲೇ ಕಾರಣವನ್ನು ಹುಡುಕಬಹುದು. ಕೋನ ಜಿಗಿಯುತ್ತಿದೆಯೋ, ಅಥವಾ ವೇಗಕ್ಕೆ ತಕ್ಕಂತೆ ನೇರ ಗೆರೆಯಲ್ಲಿ ಏರುತ್ತಿದೆಯೋ? ಚೈನ್ ಸಡಿಲವಾಗಿದ್ದರೆ ಥ್ರಾಟಲ್ ಒತ್ತಿದಾಗಲೂ ಬಿಟ್ಟಾಗಲೂ ಕೋನ ಹಿಂದೆಮುಂದೆ ಹೊಯ್ದಾಡುತ್ತದೆ. ನೇರ ಗೆರೆಯಲ್ಲಿ ಏರುತ್ತಿದ್ದರೆ ಅದು ಕೋನದ ದೋಷವೇ ಅಲ್ಲ, ಸಮಯದ ದೋಷ. ಲೆಕ್ಕ ಹಾಕಿ: 6,000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಸೆಕೆಂಡಿಗೆ 100 ಸುತ್ತು, ಅಂದರೆ ಒಂದು ಮಿಲಿಸೆಕೆಂಡಿಗೆ 36 ಡಿಗ್ರಿ ತಿರುಗುತ್ತದೆ. ಇನ್‌ಟೇಕ್ ಕ್ಯಾಮ್‌ನ ಸಂಕೇತ ಕ್ರ್ಯಾಂಕ್ ಸಂಕೇತಕ್ಕಿಂತ ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತಡವಾಗಿ ಬಂದರೂ 3.6 ಡಿಗ್ರಿಯ ವ್ಯತ್ಯಾಸ ಬೀಳುತ್ತದೆ. ಅದೇ ವಿಳಂಬ 1,000 ಆರ್‌ಪಿಎಂನಲ್ಲಿ 0.6 ಡಿಗ್ರಿ ಮಾತ್ರ. ಎರಡರ ನಡುವಿನ ಅಂತರ ನಿಮ್ಮ 3 ಡಿಗ್ರಿ. ಇನ್‌ಟೇಕ್ ಕ್ಯಾಮ್ ಸೆನ್ಸರ್‌ನ ತಂತಿಗೆ ಏನಾದರೂ ಹೆಚ್ಚಾಗಿ ಸೇರಿಸಿದ್ದೀರಾ?

ಮೈಸೂರು ಬಗ್ಗಿ

ಹೌದು. ಮೊದಲ ದಿನ ಸಂಕೇತದಲ್ಲಿ ವಿದ್ಯುತ್ ಗದ್ದಲ ಕಾಣಿಸಿದ್ದರಿಂದ ಆ ಒಂದು ಇನ್‌ಪುಟ್‌ಗೆ ಮಾತ್ರ ನಾವೇ ಒಂದು ಕೆಪಾಸಿಟರ್ ಬೆಸೆದಿದ್ದೆವು. ಲಾಗ್‌ನಲ್ಲಿ ಏರಿಕೆ ನೇರ ಗೆರೆಯಲ್ಲೇ ಇದೆ.

ಸರ್ಕ್ಯೂಟ್ ಬೆಂಗಳೂರು

ಸಂಕೇತವನ್ನು ತಡಮಾಡುತ್ತಿರುವುದು ಆ ಕೆಪಾಸಿಟರೇ, ಅದನ್ನು ತೆಗೆದುಬಿಡಿ. ಗದ್ದಲದ ಮೂಲ ಬಹುಶಃ ಅರ್ಥಿಂಗ್ ತಂತಿಯಲ್ಲಿರಬೇಕು. ಸೆನ್ಸರ್‌ಗಳ ಅರ್ಥ್ ತಂತಿ ಕಿಡಿ ಕೊಡುವ ಕಾಯಿಲ್‌ಗಳ ಅರ್ಥ್ ಜೊತೆ ಎಲ್ಲಿಯೂ ಸೇರದೆ ನೇರವಾಗಿ ಇಸಿಯುವಿಗೆ ಬರಲಿ, ಮತ್ತು ಮೂರೂ ಸೆನ್ಸರ್‌ಗಳಿಗೆ ಕವಚವಿರುವ ತಂತಿಯನ್ನು ಬಳಸಿ. ಕೋನ ಎಲ್ಲ ವೇಗದಲ್ಲೂ ಒಂದೇ ಸಂಖ್ಯೆಯಲ್ಲಿ ನಿಂತ ಮೇಲೆ, ಆ ಸಂಖ್ಯೆಯನ್ನೇ ಸೊನ್ನೆಯೆಂದು ಇಸಿಯುವಿಗೆ ತಿಳಿಸಿ. ಅದಾಗುವವರೆಗೆ ಪಿಐಡಿ (ಗುರಿಗೂ ನಿಜವಾದ ಕೋನಕ್ಕೂ ಇರುವ ಅಂತರವನ್ನು ತಿದ್ದುವ ಲೆಕ್ಕ) ಹೊಂದಿಸಲು ಹೋಗಬೇಡಿ, ತಪ್ಪು ಅಳತೆಗೋಲಿನ ಮೇಲೆ ಶ್ರಮ ವ್ಯರ್ಥವಾಗುತ್ತದೆ.

ಪಿಐಡಿಗೆ ಬಂದಾಗ ಒಂದು ಮಿತಿ ನೆನಪಿರಲಿ. ನಾಲ್ಕು ಹಲ್ಲುಗಳಿರುವುದರಿಂದ ಕ್ರ್ಯಾಂಕ್‌ನ ಪ್ರತಿ 180 ಡಿಗ್ರಿಗೆ ಒಮ್ಮೆ ಮಾತ್ರ ಕೋನ ತಿಳಿಯುತ್ತದೆ. 6,000 ಆರ್‌ಪಿಎಂನಲ್ಲಿ ಅದು 5 ಮಿಲಿಸೆಕೆಂಡಿಗೊಮ್ಮೆ. 900ರ ಐಡಲ್‌ನಲ್ಲಿ 33 ಮಿಲಿಸೆಕೆಂಡಿಗೊಮ್ಮೆ. ಕೆಳವೇಗದಲ್ಲಿ ಇಸಿಯು ಹೆಚ್ಚು ಕುರುಡಾಗಿರುತ್ತದೆ, ಆದ್ದರಿಂದ ಅಲ್ಲಿ ಆತುರದ ತಿದ್ದುಪಡಿ ಬೇಡ. ಮೊದಲು ಕ್ಯಾಮ್ ನಡುಕೋನದಲ್ಲಿ ಅಲುಗಾಡದೆ ನಿಲ್ಲುವ ಡ್ಯೂಟಿ (ಸೊಲೆನಾಯ್ಡ್‌ಗೆ ಕರೆಂಟ್ ಇರುವ ಸಮಯದ ಪಾಲು) ಎಷ್ಟು ಎಂದು ಕೈಯಿಂದಲೇ ಹುಡುಕಿ, ಅದನ್ನು ಆಧಾರವಾಗಿಟ್ಟುಕೊಂಡು ಈಗಿನ ಅಂತರವನ್ನು ತಿದ್ದುವ ಪಿ ಅಂಶವನ್ನು ಸ್ವಲ್ಪಸ್ವಲ್ಪವೇ ಏರಿಸಿ; ಕೂಡುತ್ತ ಬಂದ ಅಂತರವನ್ನು ತಿದ್ದುವ ಐ ಅಂಶ ಕಡಿಮೆ ಇರಲಿ.

ಮೆಲ್ಬರ್ನ್ ಕನ್ನಡಿಗ

ಇನ್ನೊಂದು ಮಾತು ಸೇರಿಸುತ್ತೇನೆ. ಕೋನದ ಗುರಿಪಟ್ಟಿಯನ್ನು ಬದಲಿಸಿದ ಪ್ರತಿ ಸಲವೂ ಪೆಟ್ರೋಲ್ ಕೋಷ್ಟಕವನ್ನು ಮತ್ತೆ ಸರಿಪಡಿಸಿ. ನೀವು ಒತ್ತಡದ ಸೆನ್ಸರ್‌ನಿಂದ ಗಾಳಿಯನ್ನು ಅಂದಾಜಿಸುತ್ತಿದ್ದೀರಿ. ಕ್ಯಾಮ್ ಬೇರೆ ಕಡೆ ನಿಂತರೆ ಆ ಅಂದಾಜು ತಪ್ಪುತ್ತದೆ. ಗುರಿ ಮತ್ತು ನಿಜವಾದ ಕೋನದ ನಡುವೆ 10 ಡಿಗ್ರಿಗಿಂತ ಹೆಚ್ಚು ಅಂತರ ಒಂದು ಸೆಕೆಂಡಿನಷ್ಟು ಉಳಿದರೆ ಸೊಲೆನಾಯ್ಡನ್ನು ಬಂದ್ ಮಾಡಿ, ಎಂಜಿನ್ ವೇಗದ ಮಿತಿಯನ್ನು ಇಳಿಸುವಂತೆ ಹೊಂದಿಸಿ. ಚಿಕ್ಕಮಗಳೂರಿನ ಸರ್ ಎತ್ತಿದ ಭಯಕ್ಕೆ ಇದೇ ಉತ್ತರ: ಸೆನ್ಸರ್ ಕೆಟ್ಟರೂ ಗಾಡಿ ಮನೆಗೆ ಬರುತ್ತದೆ.

ಚಿಕ್ಕಮಗಳೂರು ರ್ಯಾಲಿ

ಆ ಏರ್ಪಾಡು ಇದೆಯೆಂದಾದರೆ ನನ್ನ ಆಕ್ಷೇಪಣೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಟ್ರ್ಯಾಕಿಗೆ ಹೋಗುವ ಮೊದಲು, ನಿಂತಲ್ಲೇ ಎಂಜಿನ್ ಓಡುತ್ತಿರುವಾಗ ಇನ್‌ಟೇಕ್ ಸೆನ್ಸರ್‌ನ ಪ್ಲಗ್ ಕಿತ್ತು ಅದು ನಿಜವಾಗಿಯೂ ಹಾಗೆ ನಡೆದುಕೊಳ್ಳುತ್ತದೆಯೇ ಎಂದು ನೋಡಿ.

ಮೈಸೂರು ಬಗ್ಗಿ

ಕೆಪಾಸಿಟರ್ ತೆಗೆದು, ಸೆನ್ಸರ್‌ಗಳ ಅರ್ಥ್ ತಂತಿಯನ್ನು ಕಾಯಿಲ್‌ಗಳದ್ದರಿಂದ ಬೇರ್ಪಡಿಸಿದೆವು. ಕೋನ ಈಗ 1,000ರಲ್ಲೂ 6,000ದಲ್ಲೂ ಅರ್ಧ ಡಿಗ್ರಿಯೊಳಗೆ ಒಂದೇ ಕಡೆ ನಿಲ್ಲುತ್ತಿದೆ. ಎಂಜಿನ್‌ನ ಬಲ ಅಳೆಯುವ ಡೈನೊ ಮೇಲೆ ಹತ್ತು ಹತ್ತು ಡಿಗ್ರಿ ಬದಲಿಸುತ್ತ ನೋಡಿದೆವು. ನಡುವೇಗದಲ್ಲಿ ಕ್ಯಾಮ್ ಮುಂದಿದ್ದಾಗ ಹೆಚ್ಚು ಎಳೆತ ಸಿಕ್ಕಿತು. 5,000 ದಾಟಿದ ಮೇಲೆ ಕ್ರಮೇಣ ಹಿಂದಕ್ಕೆ ತಂದಾಗಲೇ ಎಂಜಿನ್ ಸರಾಗವಾಗಿ ಉಸಿರಾಡಿತು. ಪ್ಲಗ್ ಕಿತ್ತು ಪರೀಕ್ಷಿಸಿದೆವು: ಸೊಲೆನಾಯ್ಡ್ ಬಂದ್ ಆಯಿತು, ಕ್ಯಾಮ್ ಮೂಲಸ್ಥಾನಕ್ಕೆ ಮರಳಿತು, ಎಂಜಿನ್ 4,000 ಮೀರಲಿಲ್ಲ, ನಿಲ್ಲಲೂ ಇಲ್ಲ. ಬರುವ ಭಾನುವಾರ ಗಾಡಿಯನ್ನು ಕೊಯಮತ್ತೂರಿಗೆ ಒಯ್ಯುತ್ತಿದ್ದೇವೆ.